ನೀಲಗಿರಿಯ ಶಾಲೆಗಳಲ್ಲಿ ಕ್ರೈಸ್ತ ಮತದ ಇತಿಹಾಸ ಬೋಧನೆ

ಗಡಿನಾಡಿನಲ್ಲಿ ಚರಿತ್ರೆಯ ಪಾಠ ಹೇಳುವ ಉಪಾಧ್ಯಾಯನಿಗೆ ಪಠ್ಯಪುಸ್ತಕವೊಂದೇ ಸಾಲದೆಂಬುದು ನಮ್ಮ ಸಂಘದ ಬಂಧುಗಳಿಗೆಲ್ಲ ತಿಳಿದ ಸಂಗತಿ. ಪುಸ್ತಕವು ಒಂದು ರಾಜ್ಯದ ದೃಷ್ಟಿಯಿಂದ ಬರೆದುದು. ತರಗತಿಯಲ್ಲಿ ಕುಳಿತಿರುವ ಮಕ್ಕಳ ಹಿರಿಯರಾದರೋ ಮೂರು ರಾಜ್ಯಗಳಿಂದ ಬಂದವರು. ನೀಲಗಿರಿಯಲ್ಲಿ ಈ ಮಾತು ಇನ್ನಷ್ಟು ನಿಜ. ಉದಕಮಂಡಲದ ಒಂದು ತರಗತಿಯಲ್ಲಿ ಬಡಗ ಮಾತಾಡುವ ಹಟ್ಟಿಯ ಮಕ್ಕಳು, ತಮಿಳು ಮನೆಮಾತಿನವರು, ಗೂಡಲೂರಿನ ಕಡೆಯಿಂದ ಬಂದ ಮಲಯಾಳಿಗಳು, ಮಸಿನಗುಡಿಯ ಕಡೆಯ ಕನ್ನಡದವರು ಒಂದೇ ಬೆಂಚಿನ ಮೇಲೆ ಕುಳಿತಿರುವುದುಂಟು. ಇಂತಹ ಕಡೆ ಮತಗಳ ಇತಿಹಾಸವನ್ನು, ಅದರಲ್ಲಿಯೂ ಕ್ರೈಸ್ತ ಮತದ ಇತಿಹಾಸವನ್ನು, ಮಕ್ಕಳಿಗೆ ಹೇಗೆ ಹೇಳಬೇಕು? ಈ ಪ್ರಶ್ನೆಯನ್ನು ಕುರಿತು ನಮ್ಮ ಅನುಭವಕ್ಕೆ ಬಂದ ಕೆಲವು ವಿಚಾರಗಳನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇವೆ.

ಈ ವಿಚಾರ ನಮ್ಮನ್ನು ಹಿಡಿದುದು ನಮ್ಮದೇ ಒಂದು ತಪ್ಪಿನಿಂದ. ಎಂಟನೆಯ ತರಗತಿಯಲ್ಲಿ ಒಮ್ಮೆ ಮನೆಯಲ್ಲಿರುವ ಹಳೆಯ ವಸ್ತುಗಳನ್ನು ತರುವಂತೆ ಮಕ್ಕಳಿಗೆ ಹೇಳಿದ್ದೆವು. ಒಬ್ಬ ತಾಮ್ರದ ಕೊಳಗ ತಂದ, ಒಬ್ಬಳು ಬ್ರಿಟಿಷರ ಕಾಲದ ನಾಣ್ಯ ತಂದಳು. ಬಡಗ ಕ್ರೈಸ್ತ ಮನೆತನದ ಹುಡುಗನೊಬ್ಬ ಅಜ್ಜಿಯ ಪೆಟ್ಟಿಗೆಯಿಂದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಹಳೆಯ ಕನ್ನಡ ಬೈಬಲನ್ನು ತಂದ. ಅದನ್ನು ಅವನಾಗಲಿ, ಅವನ ತಂದೆಯಾಗಲಿ ಓದಲಾರರು. ಓದು ಬಲ್ಲವಳು ಅಜ್ಜಿಯೊಬ್ಬಳೇ. ಆಗ ಹಿಂದಿನ ಸಾಲಿನಿಂದ ಒಬ್ಬ, “ಇವರೆಲ್ಲ ಬಿಳಿಯರ ಜೊತೆ ಸೇರಿಕೊಂಡವರು ಸಾರ್” ಎಂದ. ಕೂಡಲೇ ಗೂಡಲೂರಿನ ಸಿರಿಯನ್ ಕ್ರೈಸ್ತರ ಹುಡುಗಿ ಎದ್ದು, “ನಮ್ಮವರು ಬಿಳಿಯರು ಬರುವುದಕ್ಕೆ ಎಷ್ಟೋ ನೂರು ವರ್ಷ ಮೊದಲೇ ಇದ್ದವರು ಸಾರ್” ಎಂದಳು. ಬೈಬಲು ತಂದ ಹುಡುಗ ಮಾತ್ರ ಏನೂ ಹೇಳದೆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತತೊಡಗಿದ. ನಾವು ಮಾಡಿದುದೇನು? “ಇದೆಲ್ಲ ಈಗ ಬೇಡ, ಪಾಠಕ್ಕೆ ಬನ್ನಿ” ಎಂದು ಬಾಯಿ ಮುಚ್ಚಿಸಿದೆವು. ಪಾಠವೇ ಅಲ್ಲಿ ಬಂದು ನಿಂತಿತ್ತೆಂಬುದು ನಮಗೆ ಆಮೇಲೆ ಹೊಳೆಯಿತು. ಆ ಹುಡುಗ ಮತ್ತೆ ಆ ಪುಸ್ತಕವನ್ನು ಶಾಲೆಗೆ ತರಲಿಲ್ಲ.

ಮತಬೋಧೆ ಬೇರೆ, ಮತದ ಇತಿಹಾಸ ಬೇರೆ

ಮೊದಲು ಒಂದು ಸಂದೇಹವನ್ನು ನಿವಾರಿಸಿಕೊಳ್ಳಬೇಕು. ಮತದ ವಿಷಯವನ್ನು ಶಾಲೆಯಲ್ಲಿ ಎತ್ತುವುದೇ ಅಪಾಯವೆಂದು ಹಲವರು ಉಪಾಧ್ಯಾಯರು ಭಾವಿಸಿದ್ದಾರೆ. ನಮ್ಮ ಸಂವಿಧಾನದ 28ನೆಯ ಅನುಚ್ಛೇದವು ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಮತಬೋಧೆ ಕೂಡದೆಂದು ವಿಧಿಸಿದೆ. ಸರ್ಕಾರದ ಮನ್ನಣೆಯನ್ನೋ ಸಹಾಯಧನವನ್ನೋ ಪಡೆದ ಶಾಲೆಗಳಲ್ಲಿಯೂ ವಿದ್ಯಾರ್ಥಿಯನ್ನು, ಅವನು ಅಪ್ರಾಪ್ತನಾಗಿದ್ದರೆ ಅವನ ಪೋಷಕರ ಸಮ್ಮತಿಯಿಲ್ಲದೆ, ಮತಬೋಧೆಗೂ ಪೂಜೆಗೂ ಸೇರಿಸಿಕೊಳ್ಳುವಂತಿಲ್ಲ. ಇದು ಸರಿಯಾದ ಕಟ್ಟು. ಆದರೆ ಒಂದು ಮತವನ್ನು ನಂಬೆಂದು ಹೇಳುವುದು ಬೇರೆ, ಆ ಮತವನ್ನು ನಂಬಿದ ಜನ ಯಾವಾಗ ಎಲ್ಲಿಂದ ಬಂದರು, ಏನು ಮಾಡಿದರು ಎಂದು ಹೇಳುವುದು ಬೇರೆ. 1964ರಿಂದ 1966ರ ವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿತು. 2002ರಲ್ಲಿ ಅರುಣಾ ರಾಯ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮತಗಳನ್ನು ಕುರಿತ ಅಧ್ಯಯನವು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಪಿತ್ತಿತು. ಹೀಗಾಗಿ ಉಪಾಧ್ಯಾಯನು ಅಂಜಬೇಕಾದುದಿಲ್ಲ. ಅವನು ಕಾಯ್ದುಕೊಳ್ಳಬೇಕಾದುದು ತನ್ನ ಮಾತಿನ ರೀತಿಯನ್ನು. “ಇದು ಸತ್ಯ” ಎನ್ನುವ ಕಡೆ “ಇದನ್ನು ಇವರು ಸತ್ಯವೆಂದು ನಂಬಿದ್ದಾರೆ” ಎನ್ನಬೇಕು. “ಹೀಗೆ ನಡೆಯಿತು” ಎನ್ನುವ ಕಡೆ “ಹೀಗೆ ನಡೆಯಿತೆನ್ನಲು ಆಧಾರ ಇದು” ಎನ್ನಬೇಕು. ಇಷ್ಟು ಮಾಡಿದರೆ ಮುಕ್ಕಾಲು ಪಾಲು ತೊಡಕು ಬಿಡಿಸಿದಂತೆ.

ಮಲಬಾರಿನಿಂದ ಬಂದ ಮೊದಲ ಹೆಜ್ಜೆ

ನೀಲಗಿರಿಯಲ್ಲಿ ಕ್ರೈಸ್ತರ ಕಥೆ ಬ್ರಿಟಿಷರಿಂದಲೇ ಆರಂಭವಾಗುತ್ತದೆಂಬುದು ಸಾಮಾನ್ಯವಾದ ನಂಬಿಕೆ. ಇದು ಸರಿಯಲ್ಲ. ಕೇರಳದ ಕ್ರೈಸ್ತರಲ್ಲಿ ಪ್ರಾಚೀನವಾದ ಒಂದು ಪರಂಪರೆಯುಂಟು: ಯೇಸುವಿನ ಶಿಷ್ಯನಾದ ತೋಮನು ಕ್ರಿ. ಶ. 52ರಲ್ಲಿ ಮಲಬಾರ್ ತೀರಕ್ಕೆ ಬಂದನೆಂದು ಅವರು ಹೇಳುತ್ತಾರೆ. ಇದು ಪರಂಪರೆಯ ಮಾತು. ಆದರೆ ಪೋರ್ತುಗೀಜರು ಬರುವುದಕ್ಕೆ ಹಲವು ಶತಮಾನಗಳ ಮೊದಲೇ ಸಿರಿಯಾಕ್ ಭಾಷೆಯಲ್ಲಿ ಪೂಜೆ ನಡೆಸುವ ಕ್ರೈಸ್ತರು ಕೇರಳದಲ್ಲಿದ್ದರೆಂಬುದರಲ್ಲಿ ಚರಿತ್ರಕಾರರಿಗೆ ಸಂದೇಹವಿಲ್ಲ. 1599ರಲ್ಲಿ ಉದಯಂಪೇರೂರಿನ ಸಭೆಯಲ್ಲಿ ಪೋರ್ತುಗೀಜರು ಇವರನ್ನು ರೋಮಿನ ಅಧೀನಕ್ಕೆ ತಂದರು. 1653ರಲ್ಲಿ ಮಟ್ಟಾಂಚೇರಿಯಲ್ಲಿ ಇವರಲ್ಲಿ ಬಹುಮಂದಿ ಕೂನನ್ ಕುರಿಶಿನ ಪ್ರತಿಜ್ಞೆ ಮಾಡಿ ಆ ಅಧಿಕಾರವನ್ನು ಧಿಕ್ಕರಿಸಿದರು.

ಈ ಎರಡು ವರ್ಷಗಳ ನಡುವೆ ನಮ್ಮ ಬೆಟ್ಟ ಮೊದಲ ಬಾರಿ ಯೂರೋಪಿಯನರ ಬರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಪಶ್ಚಿಮ ಘಟ್ಟಗಳ ಮೇಲೆ ತೋಡಮಲೆಯೆಂಬಲ್ಲಿ ತಮ್ಮ ಮತವನ್ನು ಮರೆತುಹೋದ ಪುರಾತನ ಕ್ರೈಸ್ತರು ಇದ್ದಾರೆಂಬ ವದಂತಿ ಮಲಬಾರಿನಲ್ಲಿ ಹಬ್ಬಿತ್ತು. ಅವರನ್ನು ಹುಡುಕಲು ಜೆಸೂಯಿಟ್ ಪಾದ್ರಿ ಫಿನಿಸಿಯೊ 1603ರಲ್ಲಿ ಬೆಟ್ಟವನ್ನೇರಿದನು. ಅವನು ಕಂಡುದು ಬಡಗರ ಹಟ್ಟಿಗಳನ್ನು, ತೋಡರನ್ನು, ಅವರ ಎಮ್ಮೆಗಳನ್ನು, ಅವರ ಅರ್ಚಕನನ್ನು. ಕ್ರೈಸ್ತರ ಸುಳಿವು ಎಲ್ಲಿಯೂ ದೊರೆಯಲಿಲ್ಲ. ಪೋರ್ತುಗೀಜ್ ಭಾಷೆಯಲ್ಲಿದ್ದ ಅವನ ವರದಿಯ ಅನುವಾದವನ್ನು ಮಾನವಶಾಸ್ತ್ರಜ್ಞ ರಿವರ್ಸ್ ಅವರು 1906ರಲ್ಲಿ ತೋಡರನ್ನು ಕುರಿತ ತಮ್ಮ ಗ್ರಂಥಕ್ಕೆ ಅನುಬಂಧವಾಗಿ ಸೇರಿಸಿದರು.

ಈ ಪ್ರಸಂಗವು ತರಗತಿಗೆ ಬಹಳ ಒಳ್ಳೆಯ ಸಾಮಗ್ರಿ. ಹುಡುಕಿದ್ದು ಒಂದು, ದೊರೆತದ್ದು ಇನ್ನೊಂದು. ಪಾದ್ರಿಯ ಉದ್ದೇಶ ನೆರವೇರಲಿಲ್ಲ. ಆದರೆ ಅವನ ಪತ್ರದಿಂದ ನಮಗೆ ಬೇರೊಂದು ಲಾಭವಾಯಿತು. ತಮ್ಮ ಹಿರಿಯರು ಮೈಸೂರು ಸೀಮೆಯಿಂದ, ವಿಜಯನಗರದ ಪತನದ ತರುವಾಯದ ಗಲಭೆಯ ಕಾಲದಲ್ಲಿ, ಬಡಗ ದಿಕ್ಕಿನಿಂದ ಬಂದವರೆಂದು ಬಡಗರು ಹೇಳುತ್ತಾರೆ. ತಾಳೀಕೋಟೆಯ ಯುದ್ಧ ನಡೆದುದು 1565ರಲ್ಲಿ. 1603ರ ಹೊತ್ತಿಗೆ ಬಡಗರು ಬೆಟ್ಟದ ಮೇಲೆ ಊರು ಕಟ್ಟಿಕೊಂಡಿದ್ದರೆಂಬುದಕ್ಕೆ ಈ ಪತ್ರವೇ ಸಾಕ್ಷಿ. ಕ್ರೈಸ್ತ ಮತದ ಇತಿಹಾಸಕ್ಕೆ ಸೇರಿದ ಕಾಗದವೊಂದು ಬಡಗ ಜನದ ಇತಿಹಾಸಕ್ಕೆ ಆಧಾರವಾಯಿತು. ಒಬ್ಬರ ಚರಿತ್ರೆ ಇನ್ನೊಬ್ಬರ ಕಾಗದದಲ್ಲಿ ಅಡಗಿರುತ್ತದೆಂಬುದನ್ನು ಮಕ್ಕಳು ಇದಕ್ಕಿಂತ ಸುಲಭವಾಗಿ ಬೇರೆಲ್ಲಿ ಕಲಿಯಬಲ್ಲರು?

ಬೆಟ್ಟದ ಮೇಲಿನ ದೇವಾಲಯ

ಫಿನಿಸಿಯೊ ಹಿಂದಿರುಗಿದ ಮೇಲೆ ಎರಡು ಶತಮಾನಗಳ ಕಾಲ ಈ ಕಥೆ ನಿಂತುಹೋಯಿತು. ಟಿಪ್ಪುವಿನ ಪತನದ ತರುವಾಯ 1799ರಲ್ಲಿ ನೀಲಗಿರಿ ಕಂಪೆನಿಯ ವಶಕ್ಕೆ ಬಂದಿತು. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟವನ್ನೇರಿದನು. ಕೆಲವೇ ವರ್ಷಗಳಲ್ಲಿ ಉದಕಮಂಡಲವು ಯೂರೋಪಿಯನರ ವಿಶ್ರಾಂತಿಸ್ಥಾನವಾಯಿತು. ಅವರ ಪೂಜೆಗಾಗಿ ಸಂತ ಸ್ಟೀಫನರ ದೇವಾಲಯಕ್ಕೆ 1829ರಲ್ಲಿ ಮದರಾಸಿನ ಗವರ್ನರ್ ಲಷಿಂಗ್ಟನ್ ಅಸ್ತಿಭಾರ ಹಾಕಿದನು. 1830ರಲ್ಲಿ ಅದರ ಪ್ರತಿಷ್ಠೆಯಾಗಿ 1831ರ ಈಸ್ಟರ್ ಹಬ್ಬದಂದು ಅದು ಬಳಕೆಗೆ ತೆರೆಯಿತು. ಅದರ ದೊಡ್ಡ ತೊಲೆಗಳು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಲಾಲ್‌ಬಾಗ್ ಅರಮನೆಯಿಂದ ಬಂದವೆಂದು ಪ್ರಸಿದ್ಧಿ. ಸಲಿವನ್ನನ ಪತ್ನಿಯ ಮತ್ತು ಮಗಳ ಸಮಾಧಿಗಳೂ ಅಲ್ಲಿಯೇ ಇವೆ.

ಈ ಕಟ್ಟಡದ ಎದುರು ಮಕ್ಕಳನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಬಹುದು: ಸುಲ್ತಾನನ ಅರಮನೆಯ ಮರ ಇಲ್ಲಿಗೇಕೆ ಬಂದಿತು? ಉತ್ತರ ಹುಡುಕುವಾಗ ಯುದ್ಧ, ಜಯ, ಅಧಿಕಾರ, ಸಾಗಾಣಿಕೆ ಎಲ್ಲವೂ ಪಾಠಕ್ಕೆ ಬರುತ್ತವೆ. ಶ್ರೀರಂಗಪಟ್ಟಣ, ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ಅಲ್ಲಿಂದ ಮಸಿನಗುಡಿ ಅಥವಾ ಗೂಡಲೂರು ಎಂದು ಇಂದಿನ ದಾರಿಯನ್ನು ಭೂಪಟದಲ್ಲಿ ಎಳೆಯಿಸಿದರೆ, ಎರಡು ರಾಜ್ಯಗಳ ಗಡಿ ಆ ಗೆರೆಯನ್ನು ಎಲ್ಲಿ ಕತ್ತರಿಸುತ್ತದೆಂಬುದೂ ಕಾಣುತ್ತದೆ. ಈ ದೇವಾಲಯ ಆಳುವವರ ದೇವಾಲಯ. ಇಲ್ಲಿ ಬಡಗರಿಗಾಗಲಿ ತೋಡರಿಗಾಗಲಿ ಮತಪ್ರಚಾರ ಮಾಡುವ ಉದ್ದೇಶ ಮೊದಲಿಗೆ ಇರಲಿಲ್ಲ. “ಕ್ರೈಸ್ತರು” ಎಂಬ ಒಂದೇ ಹೆಸರಿನಲ್ಲಿ ಎಷ್ಟು ಬಗೆಯ ಜನ ಸೇರಿದ್ದಾರೆಂಬುದನ್ನು ಇಲ್ಲಿ ತೋರಿಸಿಕೊಡಬೇಕು.

ಕೇತ್ತಿಯ ಕಣಿವೆಯಲ್ಲಿ ಕನ್ನಡ

ನಮ್ಮ ವಾಚಕರಿಗೆ ಅತ್ಯಂತ ಹತ್ತಿರವಾದ ಭಾಗ ಇದು. ಆದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇವೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೆಹ್ನರ್, ಗ್ರೈನರ್ ಎಂಬವರು, 1834ರಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದುದು ಕನ್ನಡಿಗರಿಗೆಲ್ಲ ತಿಳಿದಿದೆ. ಆದರೆ ಆ ಕಥೆಯ ಒಂದು ಕವಲು ನೀಲಗಿರಿಗೆ ಬಂದಿತೆಂಬುದು ಅಷ್ಟಾಗಿ ತಿಳಿಯದು. ಮದರಾಸಿನ ಸಿವಿಲ್ ಸೇವೆಯಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕಸಮೇಜರ್ ಎಂಬವರು ಕೇತ್ತಿಯ ಕಣಿವೆಯಲ್ಲಿ ನೆಲೆಸಿ ಬಡಗ ಮಕ್ಕಳಿಗಾಗಿ ಶಾಲೆ ತೆರೆದರು. ಅವರ ಆಶ್ರಯದಲ್ಲಿ 1846ರ ಸುಮಾರಿಗೆ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆ ಇಲ್ಲಿ ಕೆಲಸಕ್ಕೆ ನಿಂತರು. 1849ರಲ್ಲಿ ಕಸಮೇಜರ್ ತೀರಿಕೊಂಡಾಗ ಅವರ ಆಸ್ತಿ ಮಿಶನ್ನಿಗೆ ಸೇರಿತು. ಕೇತ್ತಿಯೂ ಆಮೇಲೆ ಕೋತಗಿರಿಯೂ ಮಿಶನ್ನಿನ ಕೇಂದ್ರಗಳಾದುವು.

ಬಡಗರ ಮಾತು ಕನ್ನಡಕ್ಕೆ ಬಹಳ ಸಮೀಪವಾದುದರಿಂದ ಶಾಲೆಗಳಲ್ಲಿ ಕನ್ನಡವನ್ನು ಕಲಿಸುವುದು ಸಹಜವೆಂದು ಮಿಶನರಿಗಳು ಎಣಿಸಿದರು. ಪೂರ್ತಿ ಬೈಬಲು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರ ಹೊತ್ತಿಗೇ ಕನ್ನಡದಲ್ಲಿ ಅಚ್ಚಾಗಿತ್ತು. ಹೀಗೆ ತಮಿಳು ದೇಶದ ಆಡಳಿತಕ್ಕೆ ಸೇರಿದ ಬೆಟ್ಟದ ಹಟ್ಟಿಗಳಲ್ಲಿ ಕನ್ನಡದ ಕಾಗುಣಿತ ಕೇಳಿಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಡಗ ಮಾತಿನಲ್ಲಿಯೇ ಸುವಾರ್ತೆಯ ಪುಸ್ತಕಗಳು ಬಂದುವು. 1890ರಲ್ಲಿ ಅಚ್ಚಾದ ಲೂಕನ ಸುವಾರ್ತೆಯ ಲಿಪಿ ಕನ್ನಡ. ಬಡಗ ಮಾತಿನ ಹಳೆಯ ಅಚ್ಚು ಪುಸ್ತಕವನ್ನು ಓದಬೇಕೆನ್ನುವ ಬಡಗ ವಿದ್ಯಾರ್ಥಿ ಇಂದು, ಅವನು ಯಾವ ಮತದವನೇ ಆಗಿರಲಿ, ಕನ್ನಡ ಅಕ್ಷರವನ್ನು ಕಲಿಯಬೇಕಾಗಿದೆ.

ಕಸಮೇಜರರ ಹೆಸರು ಇನ್ನೊಂದು ಕಾರಣಕ್ಕಾಗಿಯೂ ಸ್ಮರಣೀಯ. ಮೋಗ್ಲಿಂಗರು 1848ರಿಂದ ಮಂಗಳೂರಿನಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ‘ಬಿಬ್ಲಿಯೊಥೆಕಾ ಕರ್ನಾಟಕ’ ಎಂಬ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಹೊರತಂದಾಗ ಅದರ ಖರ್ಚಿಗೆ ಒದಗಿದವರು ಇವರೇ. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊದಲಾದುವು ಆ ಮಾಲೆಯಲ್ಲಿ ಬಂದುವು. ವೈಷ್ಣವ ದಾಸರ ಪದಗಳೂ ವೀರಶೈವರ ಪುರಾಣವೂ ಒಬ್ಬ ಕ್ರೈಸ್ತ ನಿವೃತ್ತ ನ್ಯಾಯಾಧೀಶರ ಹಣದಿಂದ, ಒಬ್ಬ ಕ್ರೈಸ್ತ ಪಾದ್ರಿಯ ಕೈಯಿಂದ ಅಚ್ಚಿಗೆ ಹೋದುವು. ಆ ಹಣ ಬಂದುದು ನಮ್ಮ ಕೇತ್ತಿಯ ಕಣಿವೆಯಿಂದ. ಇದನ್ನು ಹೇಳಿದಾಗ ಮಕ್ಕಳ ಮುಖದಲ್ಲಿ ಕಾಣುವ ಆಶ್ಚರ್ಯವನ್ನು ನಾವು ಹಲವು ಸಲ ಕಂಡಿದ್ದೇವೆ. ಇದರಿಂದ ಮಿಶನ್ನಿಗೆ ಮತಾಂತರದ ಉದ್ದೇಶವೇ ಇರಲಿಲ್ಲವೆಂದು ತಿಳಿಯಬಾರದು. ಉದ್ದೇಶ ಇದ್ದೇ ಇತ್ತು, ಅವರು ಅದನ್ನು ಮರೆಮಾಚಿದವರೂ ಅಲ್ಲ. ಮನುಷ್ಯನ ಕೆಲಸಗಳು ಒಂದೇ ಉದ್ದೇಶದ ಅಳತೆಗೆ ಸಿಗುವುದಿಲ್ಲವೆಂಬುದಷ್ಟೇ ಇಲ್ಲಿಯ ಪಾಠ.

ಹನ್ನೆರಡು ವರ್ಷಗಳ ಲೆಕ್ಕ

ಶಾಲೆಗಳು ಬೆಳೆದುವು, ಮತ ಬೆಳೆಯಲಿಲ್ಲ. 1846ರಲ್ಲಿ ಆರಂಭವಾದ ಕೆಲಸಕ್ಕೆ ಮೊದಲ ಬಡಗ ದೀಕ್ಷಾಸ್ನಾನ ದೊರೆತುದು 1858ರಲ್ಲಿ. ಈ ಎರಡು ಇಸವಿಗಳನ್ನು ಹಲಗೆಯ ಮೇಲೆ ಬರೆದು ಕಳೆಯಲು ಹೇಳುತ್ತೇವೆ; ಹನ್ನೆರಡು ಬರುತ್ತದೆ. ಆಮೇಲೆ ಕೇಳುತ್ತೇವೆ: ಹನ್ನೆರಡು ವರ್ಷ ಮಕ್ಕಳನ್ನು ಶಾಲೆಗೆ ಕಳುಹಿಸಿದ ಹಟ್ಟಿಯ ಗೌಡರು ಮತವನ್ನೇಕೆ ಸ್ವೀಕರಿಸಲಿಲ್ಲ? ಅಷ್ಟು ಕಾಲ ಫಲವಿಲ್ಲದಿದ್ದರೂ ಮಿಶನರಿಗಳೇಕೆ ನಿಂತರು? ಕೊನೆಗೆ ಒಬ್ಬನು ಸೇರಿದಾಗ ಅವನ ಮನೆಯಲ್ಲಿ ಏನಾಗಿರಬಹುದು?

ಈ ಮೂರು ಪ್ರಶ್ನೆಗಳೂ ಮೂರು ಪಕ್ಷಗಳಿಗೆ ನ್ಯಾಯ ಒದಗಿಸುತ್ತವೆ. ಮೊದಲನೆಯದರಿಂದ ಬಡಗರು ಯಾರೋ ಕರೆದಲ್ಲಿಗೆ ಹೋದ ಮುಗ್ಧರಲ್ಲ, ತಮಗೆ ಬೇಕಾದುದನ್ನು ಆರಿಸಿಕೊಂಡವರು ಎಂಬುದು ತಿಳಿಯುತ್ತದೆ. ಅವರು ಅಕ್ಷರವನ್ನು ತೆಗೆದುಕೊಂಡರು, ಹೆತ್ತೆಯಮ್ಮನ ಹಬ್ಬವನ್ನು ಬಿಡಲಿಲ್ಲ. ಎರಡನೆಯದರಿಂದ ಮಿಶನರಿಗಳ ಶ್ರದ್ಧೆಯ ಬಗೆ ತಿಳಿಯುತ್ತದೆ. ಮೂರನೆಯದೇ ಮಿಕ್ಕೆರಡಕ್ಕಿಂತ ಸೂಕ್ಷ್ಮವಾದುದು. ಮತಕ್ಕೆ ಸೇರಿದವನಿಗೆ ಹಟ್ಟಿಯ ಸಂಬಂಧ ಕಡಿಯುತ್ತಿತ್ತು. ನೆಂಟಸ್ತನ, ಹಬ್ಬ, ಸಾವಿನ ಮನೆಯ ಬಾಧ್ಯತೆ ಎಲ್ಲವೂ ಪ್ರಶ್ನೆಗೆ ಬರುತ್ತಿದ್ದುವು. ಹಲವರು ಮಿಶನ್ನಿನ ನೆರಳಿನಲ್ಲಿ ಬೇರೆ ಮನೆ ಹೂಡಬೇಕಾಯಿತು. ಅಂದು ಸೇರಿದವನಿಗೂ ನಷ್ಟವಾಯಿತು, ಅವನನ್ನು ಕಳೆದುಕೊಂಡ ಹಟ್ಟಿಗೂ ನಷ್ಟವಾಯಿತು. ಇಬ್ಬರ ಮೊಮ್ಮಕ್ಕಳೂ ಇಂದು ನಮ್ಮ ತರಗತಿಯಲ್ಲಿ ಕುಳಿತಿರುವುದರಿಂದ ಈ ಮಾತನ್ನು ಇಬ್ಬರಿಗೂ ನೋವಾಗದಂತೆ, ಆದರೆ ಮುಚ್ಚಿಡದೆ ಹೇಳಬೇಕು. “ಬಿಳಿಯರ ಜೊತೆ ಸೇರಿಕೊಂಡವರು” ಎಂಬ ಮಾತಿಗೆ ಉತ್ತರ ಇಲ್ಲಿದೆ: ಬೇರೆಯಾದವರು ಸುಖದ ದಾರಿ ಹಿಡಿದವರಾಗಿದ್ದರೆ ಆ ದಾರಿಯಲ್ಲಿ ಜನ ನೂಕುನುಗ್ಗಲಾಗಬೇಕಿತ್ತು, ಹನ್ನೆರಡು ವರ್ಷ ಅದು ಬರಿದಾಗಿತ್ತು.

ಮಿಶನರಿಗಳ ಪುಸ್ತಕವನ್ನು ಓದುವ ಬಗೆ

ಮಿಶನರಿ ಮೆಟ್ಸ್ ನೀಲಗಿರಿಯ ಜನಾಂಗಗಳನ್ನು ಕುರಿತು 1856ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದರು. ಹಟ್ಟಿಯಿಂದ ಹಟ್ಟಿಗೆ ಕಾಲುನಡಿಗೆಯಲ್ಲಿ ತಿರುಗಿ, ಜನರ ಮಾತನ್ನೇ ಕಲಿತು ಬರೆದ ಪುಸ್ತಕವಾದುದರಿಂದ ಅದು ಇಂದಿಗೂ ಬೆಲೆಯುಳ್ಳದ್ದು. ಆದರೆ ಬರೆದವರಿಗೆ ತಮ್ಮ ಮತವೇ ಬೆಳಕು, ಉಳಿದುದೆಲ್ಲ ಕತ್ತಲೆ. ಆದುದರಿಂದ ಅದನ್ನು ಓದುವಾಗ ಎರಡು ಬಣ್ಣದ ಪೆನ್ಸಿಲುಗಳನ್ನು ಹಿಡಿಯಲು ಮೇಲಿನ ತರಗತಿಯವರಿಗೆ ಹೇಳಬೇಕು. ಕಣ್ಣಿನಿಂದ ಕಂಡುದಕ್ಕೆ ಒಂದು ಬಣ್ಣ, ಮನಸ್ಸಿನಿಂದ ತೂಗಿದುದಕ್ಕೆ ಇನ್ನೊಂದು.

ಒಂದು ಉದಾಹರಣೆ. ಬಡಗರ ಶವಸಂಸ್ಕಾರದಲ್ಲಿ ಹಿರಿಯನೊಬ್ಬನು ಸತ್ತವನ ಮತ್ತು ಅವನ ಹಿರಿಯರ ಪಾಪಗಳನ್ನು ಒಂದೊಂದಾಗಿ ಎತ್ತಿ ಹೇಳಿ, ಅವು ಒಂದು ಕರುವಿನ ಮೇಲೆ ಹೋಗಲೆಂದು ಕೋರುವ ಪದ್ಧತಿಯಿತ್ತು. ಯಹೂದ್ಯರ ಹಳೆಯ ಶಾಸ್ತ್ರದಲ್ಲಿ ಜನರ ಪಾಪವನ್ನು ಹೊತ್ತು ಕಾಡಿಗೆ ಹೋಗುವ ಹೋತದ ವಿಷಯವಿರುವುದರಿಂದ ಯೂರೋಪಿಯನರಿಗೆ ಇದು ಬಹಳ ವಿಸ್ಮಯವನ್ನುಂಟುಮಾಡಿತು. ಹೋಲಿಕೆ ಇರುವುದು ನಿಜ. ಆದರೆ ಹೋಲಿಕೆಯೇ ಸಂಬಂಧವಲ್ಲ. ಪಾಪದ ಭಾರ ಇಳಿಯಬೇಕೆಂಬ ಬಯಕೆ ಬೇರೆ ಬೇರೆ ಜನರಲ್ಲಿ ಬೇರೆ ಬೇರೆಯಾಗಿಯೇ ಹುಟ್ಟಬಹುದು. 1603ರಲ್ಲಿ ಕಳೆದುಹೋದ ಕ್ರೈಸ್ತರನ್ನು ಹುಡುಕಿಸಿದುದೂ ಇಂತಹದೇ ಒಂದು ಅವಸರದ ಊಹೆ. ಈ ಎಚ್ಚರಿಕೆಯನ್ನು ಕಲಿತ ವಿದ್ಯಾರ್ಥಿ ಮುಂದೆ ಯಾವ ಚರಿತ್ರೆಯನ್ನು ಓದಿದರೂ ಸುಲಭವಾಗಿ ಮೋಸಹೋಗಲಾರ. ಮೆಟ್ಸರ ಪುಸ್ತಕದ ಜೊತೆಗೆ ಪಾಲ್ ಹಾಕಿಂಗ್ಸ್ ಅವರು 1980ರಲ್ಲಿ ಪ್ರಕಟಿಸಿದ ಬಡಗರ ಸಾಮಾಜಿಕ ಚರಿತ್ರೆಯನ್ನು ಉಪಾಧ್ಯಾಯರು ಇಟ್ಟುಕೊಂಡರೆ ತೂಗಿ ನೋಡಲು ಅನುಕೂಲ.

ಉಳಿದ ಎಳೆಗಳು

ಮುಂದಿನ ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ತೋಡರ ನಡುವೆ ಕ್ಯಾಥರೀನ್ ಲಿಂಗ್ ಎಂಬ ಆಂಗ್ಲ ಮಹಿಳೆ ದಶಕಗಳ ಕಾಲ ಕೆಲಸ ಮಾಡಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತೋಡ ಕ್ರೈಸ್ತರ ಒಂದು ಚಿಕ್ಕ ಸಮುದಾಯ ಏರ್ಪಟ್ಟಿತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಶನ್ನಿನ ಜರ್ಮನರು ಶತ್ರುದೇಶದವರೆಂದು ಬಂಧನಕ್ಕೂ ಗಡೀಪಾರಿಗೂ ಒಳಗಾದರು. ಕ್ರೈಸ್ತರಾದ ಪಾದ್ರಿಗಳನ್ನು ಕ್ರೈಸ್ತರ ಸರ್ಕಾರವೇ ಸೆರೆಯಲ್ಲಿಟ್ಟಿತೆಂಬ ಸಂಗತಿಯೊಂದೇ, ಮತವೂ ಸಾಮ್ರಾಜ್ಯವೂ ಒಂದೇ ಎಂಬ ಸರಳ ಸೂತ್ರವನ್ನು ಅಲುಗಾಡಿಸಲು ಸಾಕು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹಲವು ಪ್ರಾಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಕಥೋಲಿಕರ ವಿಷಯದಲ್ಲಿ, ನೀಲಗಿರಿಯು 1955ರ ವರೆಗೆ ಮೈಸೂರಿನ ಬಿಷಪರ ಆಡಳಿತಕ್ಕೆ ಸೇರಿತ್ತು. ಆ ವರ್ಷ ಉದಕಮಂಡಲವು ಪ್ರತ್ಯೇಕ ಧರ್ಮಪ್ರಾಂತವಾಗಿ ಆಂಟನಿ ಪಡಿಯರ ಅವರು ಅದರ ಮೊದಲ ಬಿಷಪರಾದರು. ಮರುವರ್ಷವೇ, 1956ರಲ್ಲಿ, ಭಾಷಾವಾರು ಪ್ರಾಂತಗಳಾದುವು. ಗೂಡಲೂರಿನ ಭಾಗವಾದರೋ 1870ರ ದಶಕದ ವರೆಗೆ ಮಲಬಾರಿನ ವಯನಾಡಿಗೆ ಸೇರಿದ್ದು, 1877ರ ಹೊತ್ತಿಗೆ ನೀಲಗಿರಿಗೆ ಬಂದಿತು. ಇಪ್ಪತ್ತನೆಯ ಶತಮಾನದಲ್ಲಿ ತಿರುವಾಂಕೂರಿನ ಕಡೆಯಿಂದ ಬೇಸಾಯಕ್ಕಾಗಿ ಬಂದ ಸಿರಿಯನ್ ಕ್ರೈಸ್ತರು ಅಲ್ಲಿ ನೆಲೆಸಿದರು. ನಮ್ಮ ತರಗತಿಯ ಹುಡುಗಿ ಹೇಳಿದ ಮಾತು ನಿಜವಾಗಿತ್ತು: ಅವಳ ಮತ ಬ್ರಿಟಿಷರಿಗಿಂತ ಬಹಳ ಹಳೆಯದು, ಆದರೆ ಈ ಬೆಟ್ಟದಲ್ಲಿ ಅವಳ ಮನೆತನ ಬಡಗ ಹುಡುಗನ ಮನೆತನಕ್ಕಿಂತ ಬಹಳ ಹೊಸದು. ಎರಡನ್ನೂ ಒಟ್ಟಿಗೆ ಹೇಳಿದರೆ ಇಬ್ಬರಿಗೂ ಗೌರವ.

ವಯಸ್ಸಿಗೆ ತಕ್ಕ ಪಾಠ

ನಾಲ್ಕು, ಐದನೆಯ ತರಗತಿಯ ಮಕ್ಕಳಿಗೆ ಇಸವಿಗಳು ಬೇಡ, ಮಾತುಗಳು ಸಾಕು. ಪಾದ್ರಿ, ಇಗರ್ಜಿ ಎಂಬುವು ಪೋರ್ತುಗೀಜ್ ಮೂಲದವು. ಅವುಗಳ ಜೊತೆಯಲ್ಲೇ ಮೇಜು, ಚಾವಿ ಎಂಬುವೂ ಬಂದುವು. ಶಿಲುಬೆಯೆಂಬುದು ಸಿರಿಯಾಕ್ ಮೂಲದಿಂದ ಬಂದುದು. ಸುವಾರ್ತೆ, ಸಭೆ, ದೀಕ್ಷಾಸ್ನಾನ ಎಂಬುವು ಸಂಸ್ಕೃತದ ಮಾತುಗಳು. ಒಂದು ಮತದ ನಾಲ್ಕಾರು ಮಾತುಗಳಲ್ಲಿ ಮೂರು ದೇಶಗಳ ಗುರುತು ಕಾಣುತ್ತದೆ. ಮಕ್ಕಳು ಇದನ್ನು ಆಟದಂತೆ ಕಲಿಯುತ್ತಾರೆ.

ಆರರಿಂದ ಎಂಟನೆಯ ತರಗತಿಯ ವರೆಗೆ ಕಾಲರೇಖೆ ಮತ್ತು ಭೂಪಟ. ಗೋಡೆಯುದ್ದಕ್ಕೂ ಒಂದು ಹಗ್ಗ ಕಟ್ಟಿ 1599, 1603, 1653, 1831, 1846, 1858, 1890, 1914, 1947, 1955 ಎಂಬ ಚೀಟಿಗಳನ್ನು ಅಳತೆಗೆ ಸರಿಯಾಗಿ ತೂಗುಹಾಕಿಸಬೇಕು. 1653ಕ್ಕೂ 1831ಕ್ಕೂ ನಡುವೆ ಹಗ್ಗ ಬರಿದಾಗಿರುವುದು ಕಾಣುತ್ತದೆ; “ಆಗ ಬೆಟ್ಟದಲ್ಲಿ ಏನು ನಡೆಯುತ್ತಿತ್ತು?” ಎಂದು ಮಕ್ಕಳೇ ಕೇಳುತ್ತಾರೆ. ಅಲ್ಲಿ ಬಡಗರ, ತೋಡರ, ಕೋತರ, ಕುರುಬರ ಪರಸ್ಪರ ಕೊಡುಕೊಳ್ಳುವಿಕೆಯ ಪಾಠವನ್ನು ಸೇರಿಸಬೇಕು. ಒಂದು ಮತದ ಹಗ್ಗ ಬರಿದಾದಾಗ ನಾಡು ಬರಿದಾಗಿರಲಿಲ್ಲವೆಂಬುದು ತಿಳಿಯಲೇಬೇಕು.

ಒಂಬತ್ತು, ಹತ್ತನೆಯ ತರಗತಿಯವರಿಗೆ ಆಧಾರಗಳ ಪರೀಕ್ಷೆ. ಪರಂಪರೆ, ಪ್ರಸಿದ್ಧಿ, ಕಾಗದದ ಸಾಕ್ಷಿ ಎಂದು ಮೂರು ಅಂಕಣಗಳನ್ನು ಮಾಡಿಸಿ, ತೋಮನ ಆಗಮನ, ಟಿಪ್ಪುವಿನ ತೊಲೆಗಳು, ಫಿನಿಸಿಯೊವಿನ ಪತ್ರ ಎಂಬುವನ್ನು ಯಾವುದರಲ್ಲಿ ಬರೆಯಬೇಕೆಂದು ಚರ್ಚಿಸಲು ಬಿಡಬೇಕು. ಉಪಾಧ್ಯಾಯನು ತಾನೇ ತೀರ್ಪು ಹೇಳದೆ “ಏಕೆ?” ಎಂದಷ್ಟೇ ಕೇಳುತ್ತಿದ್ದರೆ ಸಾಕು. ತನ್ನ ಮತದವರ ಮಾತೆಂದು ಒಂದು ಅಂಕಣವನ್ನೂ, ಪರಮತದವರ ಮಾತೆಂದು ಇನ್ನೊಂದನ್ನೂ ಆರಿಸುವ ವಿದ್ಯಾರ್ಥಿಗೆ ತನ್ನ ತೂಕದ ತಪ್ಪು ತನಗೇ ಕಾಣುತ್ತದೆ.

ಎರಡು ಎಚ್ಚರಿಕೆಗಳನ್ನು ಹೇಳಿ ಈ ಭಾಗವನ್ನು ಮುಗಿಸುತ್ತೇವೆ. ಯಾವ ಮಗುವನ್ನೂ ಅದರ ಮತದ ಪ್ರತಿನಿಧಿಯಾಗಿ ನಿಲ್ಲಿಸಬಾರದು, “ನಿಮ್ಮವರು ಏಕೆ ಹೀಗೆ ಮಾಡಿದರು?” ಎಂಬ ಪ್ರಶ್ನೆಗೆ ಹದಿಮೂರು ವರ್ಷದ ಹುಡುಗ ಉತ್ತರವಾದಿಯಲ್ಲ. ಹಾಗೆಯೇ, ಮಗು ಮನೆಯಿಂದ ತಂದ ಮಾತನ್ನು ತರಗತಿಯಲ್ಲಿ ಹಾಸ್ಯಕ್ಕೆ ಗುರಿಮಾಡಬಾರದು. ಆಧಾರ ಕೇಳಬಹುದು, ಆದರೆ ಆಧಾರವನ್ನು ಎಲ್ಲ ಮನೆಗಳ ಮಾತಿಗೂ ಸಮವಾಗಿ ಕೇಳಬೇಕು.

ಒಂದು ವಿಜ್ಞಾಪನೆ

ಕೊನೆಯದಾಗಿ ಸಂಘದ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಕಾಲಕ್ರಮದಲ್ಲಿ ನೀಲಗಿರಿಯ ಶಾಲೆಗಳಲ್ಲಿ ಕನ್ನಡ ಹಿಂದೆ ಸರಿದು ತಮಿಳೂ ಇಂಗ್ಲಿಷೂ ಬಂದುವು. ಅದಕ್ಕೆ ಕಾರಣಗಳಿವೆ, ಅವನ್ನು ಕುರಿತು ಇಲ್ಲಿ ವಾದಿಸುವುದಿಲ್ಲ. ಆದರೆ ಅದರ ಫಲವಾಗಿ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿರುವ ಕನ್ನಡ ಪುಸ್ತಕಗಳು, ಹಾಡಿನ ಕೈಬರಹಗಳು, ಅಜ್ಜ ಬರೆದಿಟ್ಟ ಲೆಕ್ಕದ ಪುಸ್ತಕಗಳು ಓದುವವರಿಲ್ಲದೆ ಗೆದ್ದಲಿನ ಪಾಲಾಗುತ್ತಿವೆ. ಇವು ಕ್ರೈಸ್ತರ ಮನೆಯಲ್ಲಿರಲಿ, ಹಟ್ಟಿಯ ಗೌಡರ ಮನೆಯಲ್ಲಿರಲಿ, ಇಡೀ ನೀಲಗಿರಿಯ ಚರಿತ್ರೆಗೆ ಸೇರಿದುವು. ನಮ್ಮಲ್ಲಿ ಕನ್ನಡ ಓದಬಲ್ಲ ಉಪಾಧ್ಯಾಯರು ಇನ್ನೂ ಇದ್ದೇವೆ. ರಜೆಯ ಒಂದು ವಾರದಲ್ಲಿ ತಂತಮ್ಮ ಊರಿನ ನಾಲ್ಕು ಮನೆಗಳಿಗೆ ಹೋಗಿ, ಮನೆಯವರ ಒಪ್ಪಿಗೆ ಪಡೆದು, ಏನೇನಿದೆಯೆಂದು ಒಂದು ಪಟ್ಟಿ ಮಾಡಿದರೆ ಸಾಕು. ಪುಸ್ತಕವನ್ನು ಅಲ್ಲಿಂದ ಕದಲಿಸಬೇಕಾಗಿಲ್ಲ. ಅದರ ಹೆಸರು, ಇಸವಿ, ಮುದ್ರಣದ ಊರು, ಒಳಪುಟದಲ್ಲಿ ಬರೆದ ಹೆಸರುಗಳು ದೊರೆತರೆ ಮುಂದಿನವರಿಗೆ ದಾರಿಯಾಗುತ್ತದೆ.

ನಮ್ಮ ತಪ್ಪನ್ನು ನಾವು ಸ್ವಲ್ಪ ತಿದ್ದಿಕೊಂಡೆವು. ಮರುವರ್ಷ ಆ ಹುಡುಗನ ಮನೆಗೆ ಹೋದೆವು. ಅವನ ಅಜ್ಜಿ ಚಹ ಕೊಟ್ಟು, ಕೇಳುವ ಮೊದಲೇ ಪೆಟ್ಟಿಗೆಯನ್ನು ತೆರೆದರು. ಬೈಬಲಿನ ಮೊದಲ ಪುಟದಲ್ಲಿ ನಾಲ್ಕು ತಲೆಮಾರಿನ ಹೆಸರುಗಳು ಕನ್ನಡದಲ್ಲಿದ್ದುವು. ಮೇಲಿನ ಎರಡು ಹಟ್ಟಿಯ ಹೆಸರುಗಳು, ಕೆಳಗಿನ ಎರಡು ಕ್ರೈಸ್ತ ಹೆಸರುಗಳು. ನಾವು ಓದಿ ಹೇಳುತ್ತಿದ್ದಂತೆ ಹುಡುಗ ಪಕ್ಕದಲ್ಲಿ ಕುಳಿತು ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ನೋಡಿದ. ಆಮೇಲೆ, “ಸಾರ್, ನನ್ನ ಹೆಸರನ್ನು ಇದರಲ್ಲಿ ಹೇಗೆ ಬರೆಯಬೇಕು?” ಎಂದು ಕೇಳಿದ. ಅಂದು ನಾವು ಹೇಳಿಕೊಟ್ಟ ಪಾಠ ಅಷ್ಟೇ.